ಮಂಗಳೂರಿನ ಬೀದಿ, ಕೈಯಲ್ಲೊಂದು ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನೊಂದು ವರ್ಷಗಳಿಂದ ಭಾನುವಾರ ಬೆಳಿಗ್ಗೆ ನಾನು ಮಂಗಳೂರಿನ ಬೀದಿಗಳಲ್ಲಿ ಫೋಟೋ ತೆಗೆಯುತ್ತಿದ್ದೇನೆ. ಈಚೆಗೆ ಹೊಸಬರು ನಾಲ್ಕೈದು ಮಂದಿ ಜೊತೆಗೆ ಬರುತ್ತಾರೆ. ಬಂದರಿನಿಂದ ರಥಬೀದಿಗೆ ನಡೆಯುವಷ್ಟರಲ್ಲಿ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ನಡೆಯುತ್ತಾ ಕೊಟ್ಟ ಉತ್ತರ ಅರ್ಧಕ್ಕೇ ನಿಂತುಬಿಡುತ್ತದೆ, ಎದುರಿಗೆ ಏನೋ ಕಾಣಿಸಿಬಿಡುತ್ತದೆ. ಅದಕ್ಕೆ ಕುಳಿತು ಬರೆದೆ.

ಸ್ಟ್ರೀಟ್ ಫೋಟೋಗ್ರಫಿ ಅಂದರೆ ಎಂಥದ್ದು? ರಸ್ತೆಯ ಫೋಟೋ ತೆಗೆಯುವುದಾ?

ರಸ್ತೆ ಇರಲೇಬೇಕೆಂದಿಲ್ಲ. ಬಸ್ಸಿನೊಳಗೆ, ಫೆರಿಯಲ್ಲಿ, ಹೋಟೆಲಿನ ಕೈತೊಳೆಯುವ ಜಾಗದಲ್ಲಿ, ಸಮುದ್ರದಂಡೆಯಲ್ಲಿ, ಎಲ್ಲಿ ಬೇಕಾದರೂ ಆಗುತ್ತದೆ. ಮುಖ್ಯವಾದದ್ದು ಒಂದೇ: ನಾವು ಏನನ್ನೂ ಜೋಡಿಸಿ ಇಡುವುದಿಲ್ಲ. "ಸ್ವಲ್ಪ ಈಚೆ ನಿಲ್ಲಿ, ನಗಿ" ಎಂದು ಯಾರಿಗೂ ಹೇಳುವುದಿಲ್ಲ. ಅವರ ಪಾಡಿಗೆ ಅವರು ಬದುಕುತ್ತಿರುವಾಗ ಬೆಳಕು, ಮುಖ, ಕೈ, ಗೋಡೆ ಎಲ್ಲವೂ ಒಂದು ಕ್ಷಣ ಒಂದಕ್ಕೊಂದು ಕೂಡಿಕೊಳ್ಳುತ್ತವಲ್ಲ, ಅದನ್ನು ಹಿಡಿಯುವುದು.

ದಿನಾ ನೋಡುವ ಊರಿನಲ್ಲಿ ತೆಗೆಯುವಂಥದ್ದು ಏನುಂಟು? ಎಲ್ಲ ಮಾಮೂಲಿ ಅಲ್ಲವಾ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಇದಕ್ಕೆ ಉತ್ತರವಾಗಿ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕಂಡ ಒಂದು ಸಂಜೆಯನ್ನು ಹೇಳುತ್ತೇನೆ. ಬಸ್ಸಿನ ಕಿಟಕಿಯ ಒಳಗೆ ಒಬ್ಬ ಹುಡುಗಿ, ಮಡಿಲಲ್ಲಿ ಹೊಸ ಸೂಟ್‌ಕೇಸು. ಕೆಳಗೆ ನಿಂತ ಅಪ್ಪ ಕಿಟಕಿಯ ಸರಳು ಹಿಡಿದಿದ್ದಾರೆ. ಇಬ್ಬರಲ್ಲೂ ಮಾತಿಲ್ಲ. ಅವರು ಒಂದು ಸಲ ಟಿಕೆಟ್ ತೆಗೆದಾಯಿತಾ ಎಂದರು, ಅವಳು ಹೂಂ ಎಂದಳು. ಕಂಡಕ್ಟರ್ ಬಸ್ಸಿನ ಮೈಗೆ ಎರಡು ಪೆಟ್ಟು ಕೊಟ್ಟು "ರೈಟ್ ಪೋಯಿ" ಅಂದ. ಬಸ್ಸು ಹೊರಟಿತು, ಅಪ್ಪನ ಕೈ ಮಾತ್ರ ಸರಳು ಹಿಡಿದ ಎತ್ತರದಲ್ಲೇ ಗಾಳಿಯಲ್ಲಿ ನಿಂತಿತು. ಅರ್ಧ ಸೆಕೆಂಡು ಇರಬಹುದು. ಆಮೇಲೆ ಆ ಕೈ ಜೇಬಿಗೆ ಹೋಗಿ ಕರ್ಚೀಫು ತೆಗೆಯಿತು, ಮುಖದ ಬೆವರು ಒರೆಸಿತು.

ನನ್ನ ಕ್ಯಾಮೆರಾದಲ್ಲಿ ಉಳಿದದ್ದು ಆ ಖಾಲಿ ಕೈ. ಸುತ್ತ ನೂರಾರು ಜನ ಇದ್ದರು, ಯಾರೂ ನೋಡಲಿಲ್ಲ. ನೋಡಬೇಕಾದ ಕಾರಣವೂ ಅವರಿಗಿರಲಿಲ್ಲ. ನಾಟಕ ಎಂದರೆ ಜಗಳ, ಅಳು, ಓಟ ಎಂದುಕೊಂಡಿರುತ್ತೇವೆ. ನಮ್ಮ ಊರಿನಲ್ಲಿ ಅದು ಹೆಚ್ಚಾಗಿ ಹೀಗೆ ಸದ್ದಿಲ್ಲದೆ ನಡೆಯುತ್ತದೆ: ಚಿನ್ನದಂಗಡಿಯ ಮೆಟ್ಟಿಲಿಳಿದು ಬರುವ ಹೆಂಗಸು ಬರಿದಾದ ಬೆರಳನ್ನು ಒಮ್ಮೆ ಸವರಿಕೊಳ್ಳುವುದು, ಕಟ್ಟಿದ ಬೀಡಿ ಒಪ್ಪಿಸಲು ಬ್ರಾಂಚಿಗೆ ಹೋಗುವ ಅಕ್ಕ ಆ ಕಟ್ಟುಗಳನ್ನು ಮಳೆಯಿಂದ ಕಾಪಾಡಲು ತಾನೇ ಒದ್ದೆಯಾಗುವುದು, ಕಾಲೇಜು ಹುಡುಗ ಮಲ್ಲಿಗೆ ಕೊಂಡು ಅದನ್ನು ಬ್ಯಾಗಿನಲ್ಲಿ ಎಲ್ಲಿಡಲಿ ಎಂದು ಒದ್ದಾಡುವುದು.

ಮಾಮೂಲಿ ಎನ್ನಿಸುವುದು ನಾವು ಹಾದು ಹೋಗುತ್ತಿರುವುದರಿಂದ. ಒಂದೇ ಜಾಗದಲ್ಲಿ ಇಪ್ಪತ್ತು ನಿಮಿಷ ನಿಂತು ನೋಡಿ.

ಯಾವ ಕ್ಯಾಮೆರಾ ತೆಗೆದುಕೊಳ್ಳಲಿ? ಮೊಬೈಲ್ ಸಾಕಾ?

ಸಾಕು. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24 ರಿಂದ 26 ಮಿ.ಮೀ. ಲೆನ್ಸಿಗೆ ಸಮ, ಅಗಲವಾಗಿ ಕಾಣುತ್ತದೆ, ಹಾಗಾಗಿ ಹತ್ತಿರ ಹೋಗಬೇಕಾಗುತ್ತದೆ. ಹತ್ತಿರ ಹೋಗುವುದನ್ನು ಕಲಿಸುವ ಕಾರಣಕ್ಕೇ ಅದು ಒಳ್ಳೆಯ ಗುರು. ಜೂಮ್ ಮಾತ್ರ ಮಾಡಬೇಡಿ.

ಕ್ಯಾಮೆರಾ ಕೊಳ್ಳುವುದೇ ಆದರೆ ಸಣ್ಣದು ನೋಡಿ. ಲೆನ್ಸು 28, 35 ಅಥವಾ 50 ಮಿ.ಮೀ., ಯಾವುದಾದರೂ ಒಂದು, ಒಂದು ವರ್ಷ ಅದೊಂದೇ. ಉದ್ದದ ಟೆಲಿ ಲೆನ್ಸನ್ನು ನಾನು ಬೇಡ ಎನ್ನುತ್ತೇನೆ. ರಸ್ತೆಯ ಆಚೆ ಬದಿಯಿಂದ, ಕಾರಿನ ಮರೆಯಿಂದ ಜನರ ಮುಖವನ್ನು ಎಳೆದು ತೆಗೆಯುವುದು ಕದ್ದು ನೋಡಿದ ಹಾಗೆ, ಚಿತ್ರದಲ್ಲೂ ಅದು ಗೊತ್ತಾಗುತ್ತದೆ. ಮೂರು ಮಾರು ದೂರದಲ್ಲಿ, ಎಲ್ಲರಿಗೂ ಕಾಣುವ ಹಾಗೆ ನಿಂತು ತೆಗೆದ ಚಿತ್ರದಲ್ಲಿ ನೀವೂ ಆ ಬೀದಿಯಲ್ಲಿ ಇದ್ದಿರಿ ಎಂಬುದು ಇರುತ್ತದೆ.

ಸೆಟ್ಟಿಂಗ್ ಏನಿಡಬೇಕು?

ಹಗಲಿನಲ್ಲಿ ಲೆನ್ಸಿನ ಕಿಂಡಿ ಎಫ್/8, ಶಟರ್ 1/250 ಸೆಕೆಂಡಿಗಿಂತ ನಿಧಾನವಾಗದ ಹಾಗೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ. ನಡೆಯುವವರಿಗೆ ಇದು ಸಾಕು. ಓಡುವ ಬಸ್ಸಿಗೆ ಹಾರುವ ಕಂಡಕ್ಟರನಿಗೆ 1/500 ಬೇಕು. 35 ಮಿ.ಮೀ. ಲೆನ್ಸಿನಲ್ಲಿ ಫೋಕಸ್ಸನ್ನು ಮೂರು ಮೀಟರಿಗೆ ಇಟ್ಟು ಎಫ್/8 ಮಾಡಿದರೆ ಎರಡು ಮೀಟರಿನಿಂದ ನಾಲ್ಕು ಮೀಟರಿನವರೆಗಿನದ್ದೆಲ್ಲ ಸ್ಪಷ್ಟವಾಗಿಯೇ ಬರುತ್ತದೆ. ಆಗ ಕ್ಯಾಮೆರಾ ಫೋಕಸ್ ಹುಡುಕುವ ತನಕ ಕಾಯಬೇಕಾಗಿಲ್ಲ. ಕತ್ತಲಾದ ಮೇಲೆ ಐಎಸ್‌ಒ 3200, 6400ಕ್ಕೆ ಹೆದರಬೇಡಿ. ಕಾಳುಕಾಳಾಗಿ ಬಂದರೆ ಬರಲಿ.

ಮಂಗಳೂರಿನಲ್ಲಿ ಎಲ್ಲೆಲ್ಲಿ ಹೋಗಬೇಕು?

ಹತ್ತು ಜಾಗದ ಪಟ್ಟಿ ಕೊಟ್ಟರೆ ಒಂದೇ ದಿನ ಹತ್ತನ್ನೂ ಮುಗಿಸಿ ಬರುತ್ತೀರಿ. ಅದಕ್ಕೇ ಕೊಡಲು ಮನಸ್ಸಾಗುವುದಿಲ್ಲ. ನಾನು ಮತ್ತೆ ಮತ್ತೆ ಹೋಗುವ ಕೆಲವು ಕಡೆ ಮಾತ್ರ ಹೇಳುತ್ತೇನೆ.

ದಕ್ಕೆಗೆ ಹೋಗುವುದಾದರೆ ಬೆಳಕು ಹರಿಯುವ ಮೊದಲೇ ಹೋಗಬೇಕು. ಬೋಟುಗಳಿಂದ ಬುಟ್ಟಿಗಳು ಇಳಿಯುತ್ತವೆ, ಬಂಗುಡೆ, ಬೂತಾಯಿ, ಅಂಜಲ್ ರಾಶಿಯಾಗುತ್ತವೆ, ಹರಾಜು ಕೂಗುತ್ತಾರೆ. ಅಲ್ಲಿ ಎಲ್ಲರಿಗೂ ಅವಸರ. ದಾರಿಗೆ ಅಡ್ಡ ನಿಂತರೆ ಬೈಗುಳ ಖಂಡಿತ, ಅದು ನ್ಯಾಯವೂ ಹೌದು. ತಲೆಯ ಮೇಲೆ ಹೊರೆ ಇರುವವರು ನಿಮಗಾಗಿ ಸುತ್ತು ಹಾಕಬೇಕಾಗಿಲ್ಲ. ಹಳೆಯ ಟಯರೋ ಕಂಬವೋ ಇರುವ ಕಡೆ ಬೆನ್ನು ಕೊಟ್ಟು ನಿಲ್ಲಿ. ಕಾಲಿಗೆ ಮೀನಿನ ನೀರು ತಾಗುತ್ತದೆ, ಹಳೆ ಚಪ್ಪಲಿ ಹಾಕಿ.

ಬಂದರಿನ ಗೋದಾಮುಗಳ ಬೀದಿ ನನಗೆ ಎಲ್ಲಕ್ಕಿಂತ ಇಷ್ಟ. ಮೆಣಸು, ಅಕ್ಕಿ, ಕೊಬ್ಬರಿ, ಒಣಮೀನು, ಒಂದೊಂದು ಬಾಗಿಲಿಗೆ ಒಂದೊಂದು ವಾಸನೆ. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಎಂಬ ಹಡಗುಗಳು ಅಲ್ಲೇ ಹತ್ತಿರ ತುಂಬಿಸಿಕೊಳ್ಳುತ್ತವೆ. ಹಳೆಯ ಹೆಂಚಿನ ಕಟ್ಟಡಗಳಲ್ಲಿ ಅಲ್ಲೊಂದು ಇಲ್ಲೊಂದು ಕನ್ನಡಿ ಹೆಂಚು ಹಾಕಿರುತ್ತಾರೆ. ಅದರಿಂದ ಇಳಿಯುವ ಬೆಳಕಿನ ಕೋಲು ಹತ್ತು ಗಂಟೆಗೆ ಗೋಣಿಚೀಲದ ಮೇಲೆ, ಹನ್ನೊಂದಕ್ಕೆ ತಕ್ಕಡಿಯ ಮೇಲೆ, ಆಮೇಲೆ ಗುಮಾಸ್ತರ ಲೆಕ್ಕದ ಪುಸ್ತಕದ ಮೇಲೆ ಸರಿದು ಹೋಗುವುದನ್ನು ನಾನು ಒಂದು ಅಂಗಡಿಯಲ್ಲಿ ಇಡೀ ಬೆಳಿಗ್ಗೆ ಕುಳಿತು ನೋಡಿದ್ದೇನೆ. ಆ ಹೆಂಚಿಗೂ ಈ ಊರಿಗೂ ಹಳೇ ನಂಟು: 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಎಂಬ ಹೆಸರು ಕಡಲಾಚೆಗೂ ಹೋಯಿತು. ನಮ್ಮ ಚಿತ್ರಗಳ ಒಳಾಂಗಣದ ಬೆಳಕು ಇಂಥದ್ದಾಗಿರುವುದಕ್ಕೆ ಆ ಮಾಡುಗಳೇ ಕಾರಣ. ಅವು ಒಂದೊಂದಾಗಿ ಇಳಿಯುತ್ತಿವೆ. 2020ರಲ್ಲಿ ಕೊರೊನಾ ಕಾಲದಲ್ಲಿ ಮುಚ್ಚಿದ ಹಳೆ ಸೆಂಟ್ರಲ್ ಮಾರ್ಕೆಟಿನ ಕಟ್ಟಡವೂ ಈಗಿಲ್ಲ. ಅದರೊಳಗೆ ನಾನು ತೆಗೆದದ್ದು ಬಹಳ ಕಡಿಮೆ, ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಆ ಬೇಸರ ಇನ್ನೂ ಉಂಟು.

ರಥಬೀದಿಯಲ್ಲಿ ಹೂವಿನವರ ಎದುರು ನಿಲ್ಲಿ. ಮಲ್ಲಿಗೆಯನ್ನು ಚೆಂಡು, ಅಟ್ಟೆ ಎಂದು ಕೊಳ್ಳುತ್ತಾರೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ಕೇಳಿದ ಮೇಲೆ ಕೊಳ್ಳುವವರ ಮುಖದಲ್ಲಿ ಆಗುವ ಲೆಕ್ಕಾಚಾರವೇ ಒಂದು ಚಿತ್ರ.

ಬೆಂಗ್ರೆಗೆ ಹೋಗುವ ಫೆರಿ, ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವ ಫೆರಿ ಎರಡೂ ಒಳ್ಳೆಯವು. ನೀರಿನ ಮೇಲಿರುವ ಆ ಕೆಲವು ನಿಮಿಷ ಯಾರಿಗೂ ಮಾಡಲು ಏನೂ ಇರುವುದಿಲ್ಲ. ಸುಮ್ಮನೆ ಇರುವ ಮುಖಗಳನ್ನು ಇನ್ನೆಲ್ಲೂ ಅಷ್ಟು ಹತ್ತಿರದಿಂದ ನೋಡಲಾಗುವುದಿಲ್ಲ.

ಕೇಳಿ ತೆಗೆಯಬೇಕಾ, ಕೇಳದೆ ತೆಗೆಯಬೇಕಾ? ಬೈದರೆ?

ಪುಸ್ತಕದ ಉತ್ತರ ಎರಡು ಕಡೆಗೂ ಉಂಟು. ಕೇಳಿದರೆ ಆ ಕ್ಷಣ ಹೋಗುತ್ತದೆ ಎನ್ನುವವರು ಹೇಳುವುದು ನಿಜ. ಕೇಳದೆ ತೆಗೆಯುವುದು ಅವರ ಮುಖವನ್ನು ಎತ್ತಿಕೊಂಡು ಹೋದ ಹಾಗೆ ಎನ್ನುವವರದ್ದೂ ನಿಜ. ನಾನು ಇದನ್ನು ನಮ್ಮ ಊರಿನ ಅಳತೆಯಿಂದ ನೋಡುತ್ತೇನೆ. ದೊಡ್ಡ ನಗರದಲ್ಲಿ ಒಬ್ಬರ ಫೋಟೋ ತೆಗೆದು ಹೊರಟರೆ ಜನ್ಮದಲ್ಲಿ ಮತ್ತೆ ಅವರು ಸಿಗಲಿಕ್ಕಿಲ್ಲ. ಇಲ್ಲಿ ಹಾಗಲ್ಲ. ಇವತ್ತು ನೀವು ಫೋಟೋ ತೆಗೆದ ಮೀನಿನವರ ಹತ್ತಿರ ನಾಳೆ ನಿಮ್ಮ ಅತ್ತೆ ಬಂಗುಡೆ ಕೊಳ್ಳುತ್ತಾರೆ. ಆ ಕಂಡಕ್ಟರನ ಬಸ್ಸಿನಲ್ಲೇ ಸೋಮವಾರ ನೀವು ಕೆಲಸಕ್ಕೆ ಹೋಗಬೇಕು. ನಾಳೆ ಆ ಮುಖದ ಎದುರು ನಿಂತು ಇವತ್ತಿನ ಚಿತ್ರವನ್ನು ತೋರಿಸಲು ಧೈರ್ಯ ಉಂಟಾ? ಉಂಟಾದರೆ ತೆಗೆಯಿರಿ. ಇಲ್ಲವಾದರೆ ಕ್ಯಾಮೆರಾ ಕೆಳಗಿಳಿಸಿ. ನನ್ನ ಮಟ್ಟಿಗೆ ಬೇರೆ ನಿಯಮ ಬೇಕಾಗಲಿಲ್ಲ.

ತೆಗೆದ ಮೇಲೆ ನೋಡಿದರೆ ನಕ್ಕು ತಲೆಯಾಡಿಸಿ, ಹತ್ತಿರ ಹೋಗಿ ತೋರಿಸಿ. ಬೇಡ ಎಂದರೆ ಅವರ ಎದುರೇ ಅಳಿಸಿ. ಕಾನೂನು ಏನು ಹೇಳುತ್ತದೆ ಎಂದು ವಾದಿಸಬೇಡಿ. ಅಂಗಡಿಯವರು, ಕೂತು ಕೆಲಸ ಮಾಡುವವರು ಆದರೆ ಮೊದಲೇ ಕೇಳಿಬಿಡುವುದು ಚೆಂದ. "ಅಕ್ಕ, ಒಂಜಿ ಫೋಟೋ ದೆಪ್ಪೊಲಿಯಾ?" ಎಂದು ತುಳುವಿನಲ್ಲಿ ಕೇಳಿದರೆ ಅರ್ಧ ಬಿಗು ಅಲ್ಲೇ ಸಡಿಲುತ್ತದೆ. ಕೇಳಿ, ಹೂಂ ಎನ್ನಿಸಿಕೊಂಡು, ಕೂಡಲೇ ತೆಗೆಯಬೇಡಿ. ಹತ್ತು ನಿಮಿಷ ಅಲ್ಲೇ ಇರಿ. ಮೊದಲ ಐದು ನಿಮಿಷ ಅವರು ಫೋಟೋಕ್ಕೆ ಕೂತಿರುತ್ತಾರೆ, ಆಮೇಲೆ ಗಿರಾಕಿ ಬರುತ್ತಾರೆ, ನಿಮ್ಮನ್ನು ಮರೆತುಬಿಡುತ್ತಾರೆ.

ಮೊದಮೊದಲು ಒಬ್ಬ ಮೀನು ಮಾರುವ ಅಕ್ಕ ನನ್ನನ್ನು ಚೆನ್ನಾಗಿ ಬೈದಿದ್ದರು. "ದಾಯೆಗ್?" ಎಂದು ಕೇಳಿದರು. ಯಾಕೆ ತೆಗೆಯುವುದು? ನನ್ನಲ್ಲಿ ಉತ್ತರ ಇರಲಿಲ್ಲ. ಚೆಂದ ಕಂಡಿತು ಎಂದೆ. "ಬೆಳಿಗ್ಗೆ ಮೂರಕ್ಕೆ ಎದ್ದವಳು ನಾನು, ಚೆಂದ ಎಲ್ಲಿಂದ ಬಂತು ಮಗಾ" ಎಂದರು. ಮರುವಾರ ಚಿತ್ರದ ಪ್ರಿಂಟ್ ಕೊಟ್ಟೆ. ಕೈ ಒರೆಸಿಕೊಂಡು, ದೂರ ಹಿಡಿದು ನೋಡಿ, "ಮೀನು ಸರಿಯಾಗಿ ಕಾಣುವುದಿಲ್ಲವಲ್ಲ" ಎಂದರು. ಬುಟ್ಟಿಯಲ್ಲಿ ಮೀನನ್ನು ಬಾಲ ಒಳಗೆ, ತಲೆ ಹೊರಗೆ ವೃತ್ತವಾಗಿ ಜೋಡಿಸಿದ್ದರು, ಕಿವಿರಿನ ಕೆಂಪು ಗಿರಾಕಿಗೆ ಕಾಣಲಿ ಎಂದು. ನಾನು ಅವರ ಮುಖದ ಸುಕ್ಕು ನೋಡುತ್ತಾ ಅವರ ಆ ಕೆಲಸವನ್ನೇ ಚಿತ್ರದಲ್ಲಿ ಬಿಟ್ಟುಬಿಟ್ಟಿದ್ದೆ. ಆ ಮಾತಿನ ನಂತರ ನಾನು ಜನರ ಮುಖಕ್ಕಿಂತ ಮೊದಲು ಅವರ ಕೈ ಏನು ಮಾಡುತ್ತಿದೆ ಎಂದು ನೋಡುತ್ತೇನೆ.

ಕಾನೂನಿನ ತೊಂದರೆ ಏನಾದರೂ ಉಂಟಾ?

ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯುವುದನ್ನೇ ನಿಷೇಧಿಸುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಹಾಗೆಂದು ಏನು ಬೇಕಾದರೂ ಮಾಡಬಹುದು ಎಂದಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದೆ. ಖಾಸಗಿ ಸ್ಥಿತಿಯಲ್ಲಿರುವ ಹೆಂಗಸಿನ ಚಿತ್ರ ತೆಗೆಯುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಸಮುದ್ರದಂಡೆಯಲ್ಲಿ ಇದನ್ನು ನೆನಪಿಡಿ. ನೀರಿನಿಂದ ಒದ್ದೆಯಾಗಿ ಬರುವವರ ಕಡೆಗೆ ಕ್ಯಾಮೆರಾ ತಿರುಗಿಸಲೇಬೇಡಿ. ಪಣಂಬೂರಿನ ಬಂದರಿನ ಒಳಗಿನಂಥ ಭದ್ರತೆಯ ಜಾಗಗಳಲ್ಲಿ ಅನುಮತಿ ಇಲ್ಲದೆ ತೆಗೆಯುವ ಹಾಗಿಲ್ಲ. ಮಾಲ್, ಆಸ್ಪತ್ರೆ, ದೇವಸ್ಥಾನದ ಒಳಗೆ ಆಯಾ ಜಾಗದವರ ಮಾತೇ ನಡೆಯುತ್ತದೆ. ಮಕ್ಕಳ ಚಿತ್ರವನ್ನು ಹೆತ್ತವರನ್ನು ಕೇಳದೆ ನಾನು ಎಲ್ಲೂ ಹಾಕುವುದಿಲ್ಲ.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದಾ?

ನಾನು ಒಬ್ಬಳೇ ಹೋಗಿದ್ದೇನೆ, ಹೋಗುತ್ತೇನೆ. ನನಗೆ ಕಷ್ಟವಾದದ್ದು ಭಯಕ್ಕಿಂತ ಹೆಚ್ಚಾಗಿ ಪ್ರಶ್ನೆ: ಯಾವ ಪೇಪರಿನವರು, ಯಾರ ಮಗಳು, ಮನೆಯಲ್ಲಿ ಏನೂ ಹೇಳುವುದಿಲ್ಲವಾ. ಸುಮ್ಮನೆ ನಿಲ್ಲುವ ಹೆಂಗಸು ನಮ್ಮ ಬೀದಿಗಳಿಗೆ ಅಷ್ಟು ಪರಿಚಯವಿಲ್ಲ. ಗಂಡಸು ಗಂಟೆಗಟ್ಟಲೆ ಕಟ್ಟೆಯಲ್ಲಿ ಕೂರಬಹುದು. ಹೆಂಗಸಾದರೆ ಯಾರನ್ನೋ ಕಾಯುತ್ತಿರಬೇಕು, ಎಲ್ಲಿಗೋ ಹೋಗುತ್ತಿರಬೇಕು. ಕ್ಯಾಮೆರಾ ನನಗೆ ನಿಲ್ಲುವುದಕ್ಕೆ ಒಂದು ಕಾರಣ ಕೊಟ್ಟಿತು. ಅದು ದೊಡ್ಡ ಮಾತು, ಇದನ್ನು ಓದುವ ಹುಡುಗಿಯರಿಗೆ ಅರ್ಥವಾಗುತ್ತದೆ.

ಹೆಂಗಸಾದ್ದರಿಂದ ಕೆಲವು ಬಾಗಿಲು ಸುಲಭವಾಗಿ ತೆರೆಯುತ್ತವೆ ಎಂಬುದೂ ಉಂಟು. ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವವರ ಪಕ್ಕ ನಾನು ಕುಳಿತುಕೊಳ್ಳಬಹುದು, ಮಾತು ನಿಲ್ಲುವುದಿಲ್ಲ. ಹೊಸ ಜಾಗಕ್ಕೆ ಮೊದಲ ಸಲ ಹೋಗುವಾಗ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಎಲ್ಲಿದ್ದೇನೆಂದು ಮನೆಯಲ್ಲಿ ಹೇಳಿರಿ.

ಮಳೆಗಾಲದಲ್ಲಿ ಕ್ಯಾಮೆರಾ ಕಟ್ಟಿಡುವುದಾ?

ಕಟ್ಟಿಟ್ಟರೆ ಈ ಊರಿನ ಅರ್ಧ ಕಥೆ ಹೋಯಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಾಗ ಇದು, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ಬಂದರೆ ಜನ ಬದಲಾಗುತ್ತಾರೆ. ಅಪರಿಚಿತರು ಒಂದೇ ಅಂಗಡಿಯ ಮಾಡಿನ ಅಡಿಯಲ್ಲಿ ಒತ್ತಿಕೊಂಡು ನಿಲ್ಲುತ್ತಾರೆ. ಒಂದು ಕೊಡೆಯಲ್ಲಿ ಇಬ್ಬರು ಹೋಗುವಾಗ ಯಾರ ಭುಜ ಹೊರಗೆ ನೆನೆಯುತ್ತಿದೆ ಎಂದು ನೋಡಿದರೆ ಆ ಇಬ್ಬರ ಸಂಬಂಧವೇ ತಿಳಿಯುತ್ತದೆ. ಮೇ ಕೊನೆಗೆ ಕೊಡೆ ರಿಪೇರಿಯವರು ರಸ್ತೆ ಬದಿಗೆ ಬಂದು ಕೂರುತ್ತಾರೆ. ಒಡೆದ ಕಡ್ಡಿಗಳ ಆ ರಾಶಿಯ ನಡುವೆ ಅವರ ಬೆರಳುಗಳನ್ನು ನೋಡಿ.

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ದುಡಿಯುವ ಜಾಗ ಹೀಗೆ ಸುಮ್ಮನಾಗಿರುವುದನ್ನು ಹೆಚ್ಚಿನವರು ತೆಗೆಯುವುದೇ ಇಲ್ಲ. ಟಾರ್ಪಾಲಿನ ಅಡಿಯಲ್ಲಿ ಬಲೆ ಸರಿಮಾಡುವವರು, ಬೋಟಿಗೆ ಹೊಸ ಬಣ್ಣ, ಎಲ್ಲೋ ಒಂದು ರೇಡಿಯೋ. ತುಳುವರ ಮಳೆಗಾಲದ ಆಟಿ ತಿಂಗಳು ಕಷ್ಟದ ತಿಂಗಳು ಎಂದು ಹಿರಿಯರು ಹೇಳುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಶಟರ್ 1/30 ಇಟ್ಟರೆ ಮಳೆ ಗೆರೆಗೆರೆಯಾಗಿ ಬರುತ್ತದೆ, 1/500ಕ್ಕೆ ಹನಿಯಾಗಿ ನಿಲ್ಲುತ್ತದೆ. ಕಪ್ಪು ಹಿನ್ನೆಲೆ ಇಲ್ಲದೆ ಮಳೆ ಕಾಣುವುದಿಲ್ಲ, ಹಾಗಾಗಿ ಕತ್ತಲಿನ ಅಂಗಡಿ, ಒದ್ದೆ ಮರ ಹಿಂದೆ ಬರುವ ಹಾಗೆ ನಿಲ್ಲಿ. ಬಸ್ಸಿನ ಆವಿ ಹಿಡಿದ ಗಾಜಿನ ಮೂಲಕವೂ ತೆಗೆದು ನೋಡಿ. ನ್ಯೂಯಾರ್ಕಿನ ಸಾಲ್ ಲೈಟರ್ (1923–2013) ಇಡೀ ಜೀವಮಾನ ಹೆಚ್ಚಾಗಿ ತಮ್ಮ ಮನೆಯ ಸುತ್ತಮುತ್ತಲ ಬೀದಿಗಳಲ್ಲೇ, ಮಳೆ ಹಿಮ ಕಟ್ಟಿದ ಗಾಜುಗಳ ಮೂಲಕ ಬಣ್ಣದ ಚಿತ್ರ ತೆಗೆದವರು. ನಮ್ಮ ಜುಲೈ ತಿಂಗಳನ್ನು ನೋಡುವಾಗ ನನಗೆ ಅವರೇ ನೆನಪಾಗುತ್ತಾರೆ.

ಕ್ಯಾಮೆರಾಕ್ಕೆ ನೀರಿಗಿಂತ ದೊಡ್ಡ ಶತ್ರು ತೇವ. ನನ್ನ ಮೊದಲ ಲೆನ್ಸನ್ನು ಬ್ಯಾಗಿನಲ್ಲೇ ಎರಡು ತಿಂಗಳು ಬಿಟ್ಟಿದ್ದೆ. ತೆಗೆದಾಗ ಒಳಗೆ ಜೇಡರ ಬಲೆಯ ಹಾಗೆ ಬೂಸು ಹರಡಿತ್ತು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ. ಅನುಕೂಲವಿದ್ದರೆ ತೇವಾಂಶ ಶೇ. 40ರಿಂದ 50ರಲ್ಲಿ ನಿಲ್ಲಿಸುವ ಕಪಾಟು ಕೊಳ್ಳಬಹುದು. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಹುಡಿ ಸೇರುತ್ತದೆ. ಎಸಿ ಕೋಣೆಯಿಂದ ಹೊರಗೆ ಬಂದ ಕೂಡಲೇ ಲೆನ್ಸಿಗೆ ಮಂಜು ಕಟ್ಟುತ್ತದೆ. ಬ್ಯಾಗಿನಲ್ಲೇ ಹತ್ತಿಪ್ಪತ್ತು ನಿಮಿಷ ಬಿಟ್ಟು ತೆಗೆಯಿರಿ. ಮತ್ತೆ, ಎಲ್ಲಕ್ಕಿಂತ ಹೆಚ್ಚಾಗಿ, ದಿನಾ ಬಳಸಿ.

ಬೇಸಿಗೆಯಲ್ಲಿ ಮಧ್ಯಾಹ್ನ ತೆಗೆಯಲಿಕ್ಕಾಗುವುದಿಲ್ಲ ಅಲ್ಲವಾ?

ಆಗುತ್ತದೆ. ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು, ಹನ್ನೆರಡೂವರೆಯ ಹೊತ್ತಿಗೆ ಮಂಗಳೂರಿನಲ್ಲಿ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ, ಕಂಬದ ನೆರಳು ಬುಡದಲ್ಲೇ ಕರಗುತ್ತದೆ. ಆಗಸ್ಟಿನದ್ದು ಮೋಡದಲ್ಲಿ ಮುಚ್ಚಿಹೋಗುವುದೇ ಹೆಚ್ಚು, ಏಪ್ರಿಲಿನದ್ದು ಸಿಗುತ್ತದೆ. ಆ ಬಿಸಿಲಿನಲ್ಲಿ ಬಯಲಿನ ಮುಖಗಳು ಚೆನ್ನಾಗಿ ಬರುವುದಿಲ್ಲ, ಆದರೆ ಮಾಡಿನ ಅಂಚಿನಲ್ಲಿ ನಿಂತವರು ನೆಲದಿಂದ ಚಿಮ್ಮಿದ ಬೆಳಕಿನಲ್ಲಿ ಹೊಳೆಯುತ್ತಾರೆ. ಬೊಂಡದ (ಎಳನೀರಿನ) ಅಂಗಡಿಯ ಟಾರ್ಪಾಲಿನ ನೀಲಿ ಇಡೀ ಮುಖಕ್ಕೆ ಹರಡುತ್ತದೆ. ಸಂಜೆಯ ಬಿಸಿಲಂತೂ ಸಮುದ್ರದ ಕಡೆಯಿಂದ ನೇರ ಬರುತ್ತದೆ, ಪಡುವಣಕ್ಕೆ ತೆರೆದ ಬೀದಿಗಳಲ್ಲಿ ಐದರ ನಂತರ ಬೆಳಕನ್ನು ಹುಡುಕಬೇಕಾಗಿಲ್ಲ.

ಬಣ್ಣವೋ ಕಪ್ಪುಬಿಳುಪೋ?

ಕೆಂಪುಕಲ್ಲು, ಹೆಂಚು, ಹಸಿರು, ಬೋಟಿನ ನೀಲಿ ಇರುವ ಊರಿನಲ್ಲಿ ನಾನು ಬಣ್ಣದ ಪರ. ಕೆಟ್ಟ ಚಿತ್ರವನ್ನು ಕಪ್ಪುಬಿಳುಪು ಮಾಡಿದರೆ ಗಂಭೀರವಾಗಿ ಕಾಣುತ್ತದೆ ಅಷ್ಟೇ, ಒಳ್ಳೆಯದಾಗುವುದಿಲ್ಲ.

ಭೂತಕೋಲ, ಹುಲಿವೇಷ, ತೇರು?

ಕೋಲದಲ್ಲಿ ಮನೆಯವರನ್ನೂ ಅದರ ಮುಖ್ಯಸ್ಥರಾದ ಗಡಿಕಾರರನ್ನೂ ಕೇಳದೆ ಕ್ಯಾಮೆರಾ ಹೊರತೆಗೆಯಬೇಡಿ. ಎಷ್ಟೋ ಕಡೆ ನಿಷೇಧವಿದೆ, ಇಲ್ಲದ ಕಡೆಯೂ ಫ್ಲಾಶ್ ಬೇಡವೇ ಬೇಡ. ಅದು ಪ್ರದರ್ಶನವಲ್ಲ, ಅಲ್ಲಿ ಕೈಮುಗಿದು ನಿಂತವರು ಪ್ರೇಕ್ಷಕರೂ ಅಲ್ಲ. ನಾನು ನಮ್ಮ ಕುಟುಂಬದ ಕೋಲದಲ್ಲಿ ಒಂದು ಚಿತ್ರವನ್ನೂ ತೆಗೆದಿಲ್ಲ.

ಹುಲಿವೇಷ ಬೇರೆ. ದಸರಾ ಕಾಲದಲ್ಲಿ ಎಲ್ಲರೂ ಕುಣಿತ ತೆಗೆಯುತ್ತಾರೆ, ಒಂದೇ ತರಹದ ಸಾವಿರ ಚಿತ್ರ ಬರುತ್ತವೆ. ನೀವು ಹಿಂದಿನ ರಾತ್ರಿ ಹೋಗಿ. ಬಣ್ಣ ಒಣಗುವ ತನಕ ಹುಡುಗರು ಬಿದಿರಿನ ಗಳಕ್ಕೆ ತೋಳು ಚಾಚಿ ನಿಂತಿರುತ್ತಾರೆ. ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ. ಅರ್ಧ ಹುಲಿ, ಅರ್ಧ ನಿದ್ದೆಗಣ್ಣಿನ ಹುಡುಗ. ಯಾರೋ ಅಣ್ಣ ಬಾಯಿಗೆ ನೀರು ಹಿಡಿಯುತ್ತಾನೆ. ಧೂಪ ಹಾಕುವ ಊದು ಪೂಜೆಯ ಹೊಗೆ ಇನ್ನೂ ಅಲ್ಲೇ ಇರುತ್ತದೆ. ಮೆರವಣಿಗೆಗಿಂತ ಈ ಕಾಯುವಿಕೆ ನನಗೆ ಹತ್ತು ಪಟ್ಟು ಹೆಚ್ಚು.

ರಥಸಪ್ತಮಿಯ ಕೊಡಿಯಾಲ್ ತೇರಿನಲ್ಲೂ ಹಾಗೆಯೇ: ರಥಕ್ಕೆ ಬೆನ್ನು ಹಾಕಿ, ರಥ ನೋಡುವವರನ್ನು ನೋಡಿ.

ಭಿಕ್ಷುಕರ, ರಸ್ತೆಯಲ್ಲಿ ಮಲಗಿದವರ ಫೋಟೋ ತೆಗೆಯಬಹುದಾ?

ನಾನು ತೆಗೆಯುವುದಿಲ್ಲ. ಬಾಗಿಲು ಹಾಕಿಕೊಳ್ಳಲು ಮನೆ ಇಲ್ಲದವರಿಗೆ ಬೀದಿಯೇ ಮಲಗುವ ಕೋಣೆ. ಬೇರೆಯವರ ಮಲಗುವ ಕೋಣೆಗೆ ಕ್ಯಾಮೆರಾ ಹಿಡಿದು ಹೋಗುತ್ತೇವಾ?

ಯಾರ ಚಿತ್ರಗಳನ್ನು ನೋಡಿ ಕಲಿಯಬೇಕು?

ಮೊದಲ ಹೆಸರು ನಮ್ಮವರದ್ದೇ: ಮೈಸೂರಿನ ಟಿ. ಎಸ್. ಸತ್ಯನ್ (1923–2009). ಶಾಲೆಗೆ ಹೋಗುವ ಮಕ್ಕಳು, ದುಡಿಯುವ ಹೆಂಗಸರು, ಹಳ್ಳಿಯ ದಾರಿ, ಇವೇ ಅವರ ವಿಷಯ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಯಾರೂ ಸಣ್ಣವರಾಗಿ ಕಾಣುವುದಿಲ್ಲ, ಅದನ್ನು ಹೇಗೆ ಮಾಡಿದರು ಎಂದು ನಾನು ಇನ್ನೂ ನೋಡುತ್ತಲೇ ಇದ್ದೇನೆ. ಬಣ್ಣಕ್ಕೆ ರಘುಬೀರ್ ಸಿಂಗ್ (1942–1999) ನೋಡಿ, ಭಾರತದ ಬೀದಿಯ ಗದ್ದಲದಲ್ಲಿ ಒಂದೊಂದು ಬಣ್ಣಕ್ಕೂ ಅವರು ಜಾಗ ಮಾಡಿಕೊಟ್ಟವರು.

ಫ್ರಾನ್ಸಿನ ಹೆನ್ರಿ ಕಾರ್ಟಿಯೆ ಬ್ರೆಸೊನ್ (1908–2004) ಹೆಸರು ಎಲ್ಲರೂ ಹೇಳುತ್ತಾರೆ. "ನಿರ್ಣಾಯಕ ಕ್ಷಣ" ಎಂಬ ಮಾತು 1952ರಿಂದ ಅವರಿಗೆ ಅಂಟಿಕೊಂಡಿದೆ. ಅದನ್ನು ಕೇಳಿ ಹೊಸಬರು ಬೇಟೆಗಾರರ ಹಾಗೆ ಓಡಾಡತೊಡಗುತ್ತಾರೆ. ಅವರ ಚಿತ್ರಗಳನ್ನು ಸಾವಧಾನವಾಗಿ ನೋಡಿದರೆ ಗೊತ್ತಾಗುತ್ತದೆ: ಎಷ್ಟೋ ಚಿತ್ರಗಳಲ್ಲಿ ಮೆಟ್ಟಿಲು, ಗೋಡೆ, ಬೆಳಕು ಮೊದಲೇ ಸಿದ್ಧವಾಗಿದ್ದವು, ಯಾರಾದರೂ ಹಾದುಹೋಗುವುದಷ್ಟೇ ಬಾಕಿ ಇತ್ತು.

ಶಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದ ವಿವಿಯನ್ ಮಾಯರ್ (1926–2009) ಒಂದು ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆದು ಹೆಚ್ಚುಕಮ್ಮಿ ಯಾರಿಗೂ ತೋರಿಸಲಿಲ್ಲ. 2007ರಲ್ಲಿ ಹರಾಜಿನಲ್ಲಿ ಮಾರಿಹೋದ ಪೆಟ್ಟಿಗೆಗಳಿಂದ ಅವು ಹೊರಬಂದವು. ಕೆಲಸ, ಮನೆ, ಸಮಯವಿಲ್ಲ ಎನ್ನುವವರಿಗೆ ಅವರನ್ನು ನೋಡಿ ಎನ್ನುತ್ತೇನೆ.

ನೂರು ತೆಗೆದರೆ ಒಂದೂ ಚೆನ್ನಾಗಿರುವುದಿಲ್ಲ. ಏನು ತಪ್ಪು?

ತಪ್ಪಿಲ್ಲ. ನನಗೆ ವರ್ಷಕ್ಕೆ ಹತ್ತು ಹನ್ನೆರಡು ಉಳಿಯುತ್ತವೆ. ತೆಗೆದ ದಿನವೇ ಆರಿಸಬೇಡಿ, ಆ ದಿನದ ಖುಷಿ ಚಿತ್ರಕ್ಕೆ ಅಂಟಿಕೊಂಡಿರುತ್ತದೆ. ತಿಂಗಳು ಬಿಟ್ಟು ನೋಡಿ. ಹೊಸಬರ ಚಿತ್ರಗಳಲ್ಲಿ ನನಗೆ ಹೆಚ್ಚಾಗಿ ಕಾಣುವ ಕೊರತೆ ಎರಡು: ಬೆನ್ನುಗಳನ್ನೇ ತೆಗೆದಿರುತ್ತಾರೆ, ಹೆದರಿಕೆಯಿಂದ, ಮತ್ತೆ ತಲೆಯ ಹಿಂದೆ ಏನಿದೆ ಎಂದು ನೋಡಿರುವುದಿಲ್ಲ. ಮೊದಲನೆಯದಕ್ಕೆ ಕಾಲ ಬೇಕು. ಎರಡನೆಯದಕ್ಕೆ ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ ಆಯಿತು.

ಪ್ರಿಂಟ್ ಯಾಕೆ ಮಾಡಿಸುತ್ತೀರಿ? ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಸಾಲದಾ?

ಕಳಿಸಿದ್ದು ಎಲ್ಲೋ ಹೋಗುತ್ತದೆ. ಆರಿಂಚು ನಾಲ್ಕಿಂಚಿನ ಪ್ರಿಂಟ್ ಕೊಟ್ಟರೆ ತಕ್ಕಡಿಯ ಹಿಂದೆ, ದೇವರ ಪಟದ ಪಕ್ಕ, ಬಸ್ಸಿನ ಕನ್ನಡಿಯ ಮೂಲೆಯಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಮುಂದಿನ ಸಲ ಅವರೇ ಕರೆಯುತ್ತಾರೆ. ಇನ್ನೊಂದು ಕಾರಣವೂ ಉಂಟು. ಬಾಸೆಲ್ ಮಿಷನ್‌ನವರು ತೆಗೆದ ಹಳೆ ಮಂಗಳೂರಿನ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇಂದಿಗೂ ಜೋಪಾನವಾಗಿವೆ. ಅದರಲ್ಲಿರುವ ಜನರ ಮನೆಗಳಲ್ಲಿ ಆ ಚಿತ್ರಗಳಿಲ್ಲ. ನಮ್ಮ ಕೈಯಲ್ಲಾಗುವಾಗ ಒಂದು ಪ್ರತಿ ಆ ಮನೆಗೇ ಹೋಗಲಿ ಎಂದು ನನ್ನ ಆಸೆ.

ಉಡುಪಿಯವರು ನಾವು, ಎಲ್ಲಿ ನಡೆಯುವುದು?

ಮಲ್ಪೆಯ ಬಂದರು ದಕ್ಕೆಗಿಂತ ದೊಡ್ಡದು, ಅಲ್ಲಿ ನಿಲ್ಲಲು ಜಾಗ ಹೆಚ್ಚು. ಉಡುಪಿಯ ರಥಬೀದಿಯಲ್ಲಿ ಹಬ್ಬವಿಲ್ಲದ ಮಂಗಳವಾರದ ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಊಟ ಮುಗಿಸಿ ಅಷ್ಟಮಠಗಳ ಜಗಲಿಗಳಲ್ಲಿ ಕಾಲು ಚಾಚಿದ ಯಾತ್ರಿಕರು, ತೊಳೆದ ಪಾತ್ರೆಗಳ ಸದ್ದು, ನೆರಳು. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯದ ರಾತ್ರಿ ಎಲ್ಲರೂ ಮೆರವಣಿಗೆಗೆ ಹೋಗುತ್ತಾರೆ, ನೀವೂ ಹೋಗಿ. ಆದರೆ ಬೆಳಿಗ್ಗೆ, ರಾತ್ರಿಯಿಡೀ ನಿದ್ದೆಗೆಟ್ಟವರು ಮೊದಲ ಬಸ್ಸಿಗೆ ಕಾಯುವಾಗ ಕ್ಯಾಮೆರಾ ಒಳಗಿಡಬೇಡಿ.

ಇವತ್ತೇ ಶುರು ಮಾಡಬೇಕು. ಏನು ಮಾಡಲಿ?

ಸಂಜೆ ಆರಕ್ಕೆ ಸ್ಟೇಟ್‌ಬ್ಯಾಂಕಿಗೆ ಬನ್ನಿ. ಸಿಟಿ ಬಸ್ಸುಗಳು ನಿಲ್ಲುವಲ್ಲಿ ಯಾವುದಾದರೂ ಕಂಬ ಹಿಡಿದುಕೊಳ್ಳಿ. ಮೊದಲ ಹತ್ತು ನಿಮಿಷ ಮೊಬೈಲ್ ಜೇಬಿನಲ್ಲೇ ಇರಲಿ. ಬಸ್ಸು ಎಲ್ಲಿ ನಿಲ್ಲುತ್ತದೆ, ಅಂಗಡಿಯ ಟ್ಯೂಬ್‌ಲೈಟು ಯಾವ ಕಿಟಕಿಯ ಮೇಲೆ ಬೀಳುತ್ತದೆ, ಜನ ಯಾವ ಕಡೆಯಿಂದ ಓಡಿ ಬರುತ್ತಾರೆ, ಇಷ್ಟು ನೋಡಿಕೊಳ್ಳಿ. ಆಮೇಲೆ ಆ ಒಂದು ಕಿಟಕಿಗೆ ಮಾತ್ರ ಕಾಯಿರಿ. ನಾಲ್ಕೈದು ಬಸ್ಸು ಖಾಲಿ ಹೋಗುತ್ತವೆ. ಏಳರ ಹೊತ್ತಿಗೆ ಕೆಲಸ ಬಿಟ್ಟವರು ಬರಲು ಶುರುವಾಗುತ್ತಾರೆ, ಕಿಟಕಿಗೆ ತಲೆ ಆನಿಸುತ್ತಾರೆ. ನಿಮ್ಮ ಮನೆಯ ಕಡೆ ಹೋಗುವ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಮೊದಲೇ ಕೇಳಿಟ್ಟುಕೊಂಡಿರಿ.